ಬೀಟು ಒಪ್ಪಿಸಿದ ಮಂಗಳವಾರ

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕು ಕೊಟ್ಟವರು ಕಾಲು ಮೇಷ್ಟ್ರು. ಆಸ್ಪತ್ರೆಯಿಂದ ವಾರಕ್ಕೆರಡು ಸಲ ಬಂದು ನನ್ನ ಕಾಲಿಗೆ ವ್ಯಾಯಾಮ ಮಾಡಿಸುವವರು. ಅವರ ಕೆಲಸಕ್ಕೆ ಏನೋ ದೊಡ್ಡ ಹೆಸರಿದೆ, ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ದಿನಾ ಮೂರು ವಿಷಯ ಬರೆಯಬೇಕಂತೆ: ಎಷ್ಟು ಹೆಜ್ಜೆ ನಡೆದೆ, ನೋವು ಹೇಗಿತ್ತು, ಮತ್ತೆ ಆ ದಿನ ನಡೆದ ಒಂದು ಒಳ್ಳೆಯದು.

"ಒಳ್ಳೇದು ಏನೂ ನಡೀದಿದ್ರೆ?" ಎಂದೆ.

"ಹುಡುಕಿ ಬರೀರಿ ಸರ್," ಎಂದರು.

ಹೆಜ್ಜೆ: ಹನ್ನೆರಡು. ಮಂಚದಿಂದ ಕಿಟಕಿಗೆ ಆರು, ಕಿಟಕಿಯಿಂದ ಮಂಚಕ್ಕೆ ಆರು. ನೋವು: ಇದೆ. ಒಂದು ಒಳ್ಳೆಯದು: ಮೇಷ್ಟ್ರು ಬೇಗ ಹೋದರು.

ಮೂವತ್ನಾಲ್ಕು ವರ್ಷ ಅಂಚೆಯ ಚೀಲ ಹೊತ್ತು ಸೈಕಲ್ ತುಳಿದವನು ನಾನು. ಎಷ್ಟೋ ನಾಯಿಗಳಿಂದ, ಎಷ್ಟೋ ಲಾರಿಗಳಿಂದ ತಪ್ಪಿಸಿಕೊಂಡವನು ಕಡೆಗೆ ಬಿದ್ದದ್ದು ಮಗಳ ಮನೆಯ ಬಚ್ಚಲ ಮುಂದಿನ ಕಾಲೊರಸಿನ ಮೇಲೆ ಜಾರಿ. ಎಂಟು ದಿನ ಇದ್ದು ಹೋಗೋಣವೆಂದು ಬಂದವನು, ತೊಡೆಯೊಳಗೆ ಸಲಾಕೆ ಹಾಕಿಸಿಕೊಂಡು ಆರು ವಾರದಿಂದ ಇಲ್ಲೇ ಬಿದ್ದಿದ್ದೇನೆ. ಅಳಿಯನ ಮೇಜನ್ನು ಈ ಕೋಣೆಯಿಂದ ಹೊರಗೆ ಹಾಕಿ ನನಗೆ ಮಂಚ ಹಾಕಿದ್ದಾರೆ. ಅವರು ಈಗ ಊಟದ ಮೇಜಿನ ಮೂಲೆಯಲ್ಲಿ ಫೈಲು ಹರಡಿಕೊಂಡು ಕೂರುತ್ತಾರೆ. ಒಂದು ಮಾತು ಆಡುವುದಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳವಾಡಿ ಹೊರಟುಬಿಡಬಹುದಿತ್ತು. ಯಾವ ಕಾಲಲ್ಲಿ ಹೊರಡುತ್ತಿದ್ದೆ ಎಂಬುದು ಬೇರೆ ಮಾತು.

ಮಾರ್ಚ್ 5, ಬುಧವಾರ

ನಮ್ಮದು ನೆಲಮಹಡಿ. ನಾನು ಹಗಲೆಲ್ಲ ಕೂರುವ ಕಿಟಕಿ ಬಿಲ್ಡಿಂಗಿನ ಮುಖ್ಯ ಬಾಗಿಲ ಪಕ್ಕದಲ್ಲೇ ಇದೆ. ಮೆಟ್ಟಿಲ ಮೇಲೆ ನಿಂತವರ ಮುಖ ಪೂರ್ತಿ ಕಾಣುತ್ತದೆ. ಆ ಬಾಗಿಲು ಯಾವಾಗಲೂ ಬೀಗವೇ. ಬಂದವರು ಹೊರಗೆ ಗಂಟೆ ಒತ್ತಬೇಕು, ಮನೆಯವರು ಒಳಗಿನಿಂದ ಗುಂಡಿ ಒತ್ತಿದರೆ ತೆರೆಯುತ್ತದೆ. ನಮ್ಮ ಮನೆಯ ಗುಂಡಿ ನನ್ನ ಮಂಚದ ತಲೆಯ ಹತ್ತಿರದ ಗೋಡೆಯಲ್ಲಿದೆ.

ಇವತ್ತು ಹತ್ತೂವರೆಗೆ ಕಿಟಕಿಯ ಸರಳುಗಳ ನಡುವಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಪೊಟ್ಟಣ. ಹಿಂದೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಹೆಂಗಸು.

"ತಾತ, ಎರಡನೇ ಮಹಡಿಯವ್ರದ್ದು. ಮನೇಲಿಲ್ಲ. ಇಟ್ಕೊಳ್ತೀರಾ?"

"ಇದೇನಮ್ಮ, ಗೋಡೌನಾ?"

"ಅಲ್ಲ ತಾತ. ಗೋಡೌನಲ್ಲಿ ಬಯ್ಯೋಕೆ ಯಾರೂ ಇರಲ್ಲ."

ನನಗೆ ರೇಗಿತು. ಪೊಟ್ಟಣದ ಮೇಲೆ ಯಾರ ಹೆಸರಿದೆಯೋ ಅವರ ಕೈಗೇ ಕೊಡಬೇಕು, ನಮ್ಮ ಕಾಲದಲ್ಲಿ ಹೀಗೆ ಕಂಡವರ ಕಿಟಕಿಯಲ್ಲಿ ತುರುಕಿ ಹೋಗುತ್ತಿರಲಿಲ್ಲ ಎಂದೆ.

"ನಿಮ್ಮ ಕಾಲದಲ್ಲಿ ಜನ ಮನೇಲಿರ್ತಿದ್ರು ತಾತ. ನಂಗೆ ಇವತ್ತು ನೂರಾ ಹತ್ತು ಬಾಗಿಲು. ಒಂದೊಂದಕ್ಕೆ ಎರಡೇ ನಿಮಿಷ, ಅದರಲ್ಲಿ ಒಂದೂವರೆ ನಿಮ್ಮ ಹತ್ರಾನೇ ಹೋಯ್ತು." ಪೊಟ್ಟಣ ನನ್ನ ಮಡಿಲಿಗೆ ಬಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿಯ ತಿರುವಿನಲ್ಲಿದ್ದಳು. ಸುಂಟರಗಾಳಿ.

ಹೆಜ್ಜೆ: ಮೂವತ್ತೊಂದು. ಸಂಜೆ ಎರಡನೇ ಮಹಡಿಯಾಕೆ ಬಂದಾಗ ಪೊಟ್ಟಣ ಕೊಡಲು ಎದ್ದು ಬಾಗಿಲತನಕ ಹೋದೆ, ಅದಕ್ಕೆ. ಒಂದು ಒಳ್ಳೆಯದು: ಆಕೆ ಥ್ಯಾಂಕ್ಸ್ ಎಂದರು.

ಮಾರ್ಚ್ 8, ಶನಿವಾರ

ಕೋಣೆಯಲ್ಲಿ ಈಗ ಏಳು ಪೊಟ್ಟಣಗಳಿವೆ. ಸುಂಟರಗಾಳಿ ಕೇಳುವುದನ್ನೂ ಬಿಟ್ಟಿದ್ದಾಳೆ. ನಾನು ಬಯ್ಯುವುದನ್ನು ಬಿಟ್ಟಿಲ್ಲ. ಬಯ್ಯುತ್ತಲೇ ಮಹಡಿಯ ಪ್ರಕಾರ ಜೋಡಿಸಿ ಇಟ್ಟಿದ್ದೇನೆ. ಕೈಗೆ ಅಭ್ಯಾಸ ಹೋಗಿಲ್ಲ ನೋಡಿ. ನೆನ್ನೆ ಅವಳಿಗೆ ಕಿಟಕಿಯಿಂದಲೇ ನೀರು ಕೊಟ್ಟು, ಮೆಟ್ಟಿಲ ಮೇಲೆ ಎರಡು ನಿಮಿಷ ಕೂತು ಹೋಗು ಎಂದು ಗದರಿದೆ. ಕೂತಳು.

ಇವತ್ತು ನಾಲ್ಕನೇ ಮಹಡಿಯ ನರ್ಸಮ್ಮ ಬಂದಿದ್ದರು. ಒಬ್ಬರೇ ಇರುತ್ತಾರೆ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು. ಪೊಟ್ಟಣ ತೆಗೆದುಕೊಂಡವರು ಹೋಗದೆ, ನನ್ನ ಊರುಗೋಲನ್ನು ತಿರುಗಿಸಿ ನೋಡಿ, "ಇದರ ರಬ್ಬರ್ ಸವೆದಿದೆಯಲ್ಲಾ, ಮತ್ತೆ ಬೀಳೋ ಯೋಚನೆ ಇದೆಯಾ?" ಎಂದು ದಬಾಯಿಸಿದರು. ಅರ್ಧ ಗಂಟೆಯಲ್ಲಿ ಮೇಲಿಂದ ಹೊಸ ರಬ್ಬರ್ ತಂದು ತಾವೇ ಹಾಕಿಕೊಟ್ಟರು. ಗುರುವಾರ ಎರಡು ಡ್ಯೂಟಿಯಂತೆ, ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೇ ಬರುವುದಂತೆ. ಕಾಲು ಬಾತಿರುತ್ತದೆ ಎಂದು ನಕ್ಕರು. ಪರರ ಕಾಲು ನೋಡುವವರು ತಮ್ಮ ಕಾಲು ನೋಡಿಕೊಳ್ಳುವುದಿಲ್ಲ.

ಹೆಜ್ಜೆ: ನಲವತ್ತೆಂಟು. ಒಂದು ಒಳ್ಳೆಯದು: ರಬ್ಬರ್.

ಮಾರ್ಚ್ 11, ಮಂಗಳವಾರ

ಇವತ್ತು ಬಹಳ ದಿನದ ಮೇಲೆ ಬಾಯಿ ತುಂಬ ಮಾತಾಡಿದೆ.

ಸುಂಟರಗಾಳಿ ಬರಲಿಲ್ಲ. ಅವಳ ಹೊತ್ತಿಗೆ ಅದೇ ಕಿತ್ತಳೆ ಜಾಕೀಟಿನ ಒಬ್ಬ ಮನುಷ್ಯ ಮೆಟ್ಟಿಲ ಮೇಲೆ ನಿಂತು ಗಂಟೆಗಳ ಬೋರ್ಡು ನೋಡುತ್ತಿದ್ದ. ನಲವತ್ತರ ವಯಸ್ಸು, ಒಪ್ಪವಾಗಿ ಬಾಚಿದ ತಲೆ.

"ಆ ಹೆಣ್ಮಗಳು ಎಲ್ಲಪ್ಪ, ರಜೆಯಾ?" ಎಂದೆ.

"ಹೂಂ ಸರ್, ರಜೆ. ಅವರ ಬದಲಿಗೆ ನಾನು."

ಬದಲಿ! ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು. ನಮ್ಮಲ್ಲಿ ಒಬ್ಬ ರಜೆ ಹಾಕಿದರೆ ಬದಲಿಯವನಿಗೆ ಬೀಟು ಒಪ್ಪಿಸಿಯೇ ಹೋಗಬೇಕಿತ್ತು. ಬೀಟು ಎಂದರೆ ನಾವು ದಿನಾ ಸುತ್ತುವ ಬೀದಿಗಳು. ಯಾವ ಮನೆಯ ಅಜ್ಜಿಗೆ ಕಿವಿ ಕೇಳದು, ಯಾವ ಗೇಟಿನ ಹಿಂದೆ ನಾಯಿ ಇದೆ, ಯಾರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಎಲ್ಲವನ್ನೂ ಹೇಳಿ ಒಪ್ಪಿಸದಿದ್ದರೆ ಪಾಪ ಬದಲಿಯವನು ಅರ್ಧ ಚೀಲ ವಾಪಸು ಹೊತ್ತು ತರುತ್ತಿದ್ದ. ಅದು ನಮ್ಮವರು ನಮ್ಮವರಿಗೆ ಮಾಡುವ ಉಪಕಾರ. ಯಾವ ರೂಲ್ಸ್ ಪುಸ್ತಕದಲ್ಲೂ ಇಲ್ಲ.

ಇವನಿಗೆ ಯಾರೂ ಒಪ್ಪಿಸಿರಲಿಲ್ಲ. ನಾನೇ ಒಪ್ಪಿಸಿದೆ. ಮೊದಲನೇ ಮಹಡಿಯವರು ಸದಾ ಮನೆಯಲ್ಲೇ, ಎರಡನೆಯವರು ಮಧ್ಯಾಹ್ನದ ಮೇಲೆ, ಮೂರನೇ ಮಹಡಿಯ ಮೀಸೆಯವರು ಹನ್ನೊಂದಕ್ಕೆ ಎದ್ದೇಳುತ್ತಾರೆ ಮತ್ತು ಎದ್ದ ತಕ್ಷಣ ಕೂಗಾಡುತ್ತಾರೆ, ನಾಲ್ಕನೇ ಮಹಡಿಯ ನರ್ಸಮ್ಮ ಮೂರೂವರೆಗೆ ಬರುತ್ತಾರೆ, ಗುರುವಾರ ಮಾತ್ರ ಸಂಜೆ ಏಳರವರೆಗೂ ಇರುವುದಿಲ್ಲ. ಅವನು ಸರಳು ಹಿಡಿದುಕೊಂಡು ತಲೆಯಾಡಿಸುತ್ತಾ ಕೇಳಿದ. ಮಧ್ಯೆ ಎರಡು ಪ್ರಶ್ನೆಯನ್ನೂ ಹಾಕಿದ. ಹೀಗೆ ಕೇಳಿಸಿಕೊಳ್ಳುವ ಮನುಷ್ಯ ಸಿಗುವುದು ಅಪರೂಪ. ನನ್ನ ಮಗಳೇ ನನ್ನ ಅಂಚೆಯ ಕಥೆ ಶುರುವಾದರೆ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋಗುತ್ತಾಳೆ.

"ನಿಮ್ಮಂಥೋರು ಒಬ್ಬರಿದ್ರೆ ಸಾಕು ಸರ್, ನಮ್ಮ ಕೆಲ್ಸ ಹಗುರ," ಎಂದು ಕೈ ಮುಗಿದು ಹೋದ.

ಹೆಜ್ಜೆ: ಅರವತ್ತನಾಲ್ಕು. ನೋವು: ಗಮನಿಸಲಿಲ್ಲ. ಒಂದು ಒಳ್ಳೆಯದು: ಆ ಬದಲಿ ಮನುಷ್ಯ.

ಮಾರ್ಚ್ 13, ಗುರುವಾರ

ಬದಲಿಯವನು ಇವತ್ತು ಇನ್ನೊಬ್ಬನ ಜೊತೆ ಬಂದ. ದೊಡ್ಡ ರಟ್ಟಿನ ಪೆಟ್ಟಿಗೆ. "ಮೇಲಿನ ಮಹಡಿಗೆ ಸರ್," ಎಂದ. ಗುಂಡಿ ಒತ್ತಿದೆ. ಲಿಫ್ಟು ನನ್ನ ಗೋಡೆಯ ಆಚೆಯೇ ಇದೆ, ಏರುವ ಸದ್ದು ಕೇಳಿಸಿತು. ಇಳಿಯುವ ಸದ್ದು ಕೇಳಲು ಇಪ್ಪತ್ತೈದು ನಿಮಿಷ ಬೇಕಾಯಿತು. ಪೆಟ್ಟಿಗೆ ಹಾಗೇ ವಾಪಸು ತಂದಿದ್ದರು. ಹೋಗುವಾಗ ಒಬ್ಬನ ಹೆಗಲ ಮೇಲಿತ್ತು, ಬರುವಾಗ ಇಬ್ಬರೂ ಹಿಡಿದುಕೊಂಡಿದ್ದರು. ಪಾಪ, ಅಷ್ಟು ಹೊತ್ತು ಕಾದು ಸುಸ್ತಾಗಿರಬೇಕು.

"ಯಾರೂ ಇಲ್ಲ ಸರ್, ವಾಪಸ್."

"ಅಯ್ಯೋ, ಇವತ್ತು ಗುರುವಾರ ಅಂತ ಮೊನ್ನೆ ಹೇಳಿದ್ನಲ್ಲಪ್ಪಾ," ಎಂದು ನನಗೇ ಬೇಜಾರಾಯಿತು. ಕಿಟಕಿಯಿಂದ ನೀರು ಕೊಟ್ಟೆ. ಇಬ್ಬರೂ ಕುಡಿದರು. ಬದಲಿಯವನು ಎಡಗೈಯಲ್ಲಿ ಲೋಟ ಹಿಡಿಯುತ್ತಾನೆ, ಆ ಕೈಯ ಕಿರುಬೆರಳಿಗೆ ಉಗುರಿಲ್ಲ. ಏನು ಪೆಟ್ಟಾಗಿತ್ತೋ ಏನೋ. ನಮ್ಮ ಕೆಲಸವೇ ಹೀಗೆ, ಮೈಯೆಲ್ಲ ಗುರುತು.

ಹೆಜ್ಜೆ: ಎಪ್ಪತ್ತು. ಒಂದು ಒಳ್ಳೆಯದು: ದಣಿದವರಿಗೆ ನೀರು ಕೊಟ್ಟೆ.

ಸಂಜೆ ಏಳೂಕಾಲು. ಮೇಲೆ ಯಾರೋ ಅಳುತ್ತಿದ್ದಾರೆ. ಅಳಿಯ ಓಡಿದರು.

ಮಾರ್ಚ್ 14, ಶುಕ್ರವಾರ

ನರ್ಸಮ್ಮನ ಮನೆಯ ಬೀಗ ಮುರಿದಿದ್ದಾರೆ. ಟೀವಿ, ಲ್ಯಾಪ್‌ಟಾಪು, ಕತ್ತಿನ ಸರ ಹೋಗಿವೆ, ಜೊತೆಗೆ ಒಂದು ಗಡಿಯಾರ. ಗೋಡೆಯ ಮೊಳೆಗೆ ನೇತುಹಾಕಿದ್ದ ಪುಟ್ಟ ಗಡಿಯಾರ, ನರ್ಸುಗಳು ಎದೆಯ ಮೇಲೆ ಪಿನ್ನು ಹಾಕಿಕೊಂಡು ನಾಡಿ ಎಣಿಸುವಂಥದ್ದು. ಅವರ ತಾಯಿಯದು. ತಾಯಿಯೂ ನರ್ಸೇ ಆಗಿದ್ದರಂತೆ. ಸರ ಹೋದದ್ದಕ್ಕೆ ಅಳಲಿಲ್ಲವಂತೆ, ಗಡಿಯಾರಕ್ಕೆ ಅತ್ತರಂತೆ.

ಪೊಲೀಸರು ನನ್ನನ್ನೂ ಕೇಳಿದರು. ಇಬ್ಬರು ಬಂದರು, ಕಿತ್ತಳೆ ಜಾಕೀಟು, ಪೆಟ್ಟಿಗೆ, ಇಪ್ಪತ್ತೈದು ನಿಮಿಷ ಮೇಲಿದ್ದರು ಎಂದೆ. ಅಷ್ಟೇ ಹೇಳಿದೆ.

ಹೆಜ್ಜೆ: ಇಲ್ಲ. ಕಾಲು ನೋಯುತ್ತಿದೆ ಎಂದು ಸುಳ್ಳು ಹೇಳಿದೆ.

ಮಾರ್ಚ್ 15, ಶನಿವಾರ

ಬಿಲ್ಡಿಂಗಿನವರೆಲ್ಲ ನಮ್ಮ ಹಾಲಿನಲ್ಲಿ ಸೇರಿದ್ದರು. ಅಳಿಯ ಬಿಲ್ಡಿಂಗಿನ ಸೆಕ್ರೆಟರಿ. ನನ್ನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ಗುರುವಾರ ಆಯಮ್ಮ ಇರಲ್ಲ ಅಂತ ಕಳ್ಳರಿಗೆ ಹೇಗ್ರೀ ಗೊತ್ತು?" ಮೂರನೇ ಮಹಡಿಯ ಮೀಸೆಯವರ ಗಂಟಲು. "ದಿನಾ ಬರ್ತಾಳಲ್ಲ, ಆ ಪಾರ್ಸಲ್ ಹೆಂಗಸು, ಅವಳೇ ಹೇಳಿರ್ಬೇಕು. ನೋಡಿ, ಸರಿಯಾಗಿ ಅದೇ ಮೂರು ದಿನ ರಜೆ ಹಾಕಿದಾಳೆ!"

ಎಲ್ಲರೂ ಹೌದೌದು ಎಂದರು. "ಅಪ್ಪನ ಹತ್ರಾನೂ ನಯವಾಗಿ ಮಾತಾಡ್ತಿದ್ಲು," ಎಂದಳು ನನ್ನ ಮಗಳು. ಅವಳ ಕಂಪನಿಗೆ ದೂರು ಬರೆಯುವುದೆಂದಾಯಿತು. ಅಳಿಯನ ಅಕ್ಷರ ಮುತ್ತಿನಂತಿದೆ. ಅವರು ಬರೆಯುವ ಸದ್ದು ಇಲ್ಲಿಗೂ ಕೇಳಿಸುತ್ತಿತ್ತು.

ನಾನು ಬಾಯಿ ಬಿಡಲಿಲ್ಲ. ಮಂಗಳವಾರ ಅಷ್ಟೊಂದು ಬಿಟ್ಟ ಬಾಯಿ.

ಮಾರ್ಚ್ 16, ಭಾನುವಾರ

ಹುಡುಕಿದೆ. ಒಳ್ಳೆಯದು ಏನೂ ಸಿಗಲಿಲ್ಲ.

ಮಾರ್ಚ್ 17, ಸೋಮವಾರ

ಅವಳು ಬಂದಿದ್ದಳು. ಕಳ್ಳತನವಾಗಿದೆ, ಅಪರಿಚಿತರಿಗೆ ಬಾಗಿಲು ತೆಗೆಯಬೇಡಿ ಎಂದು ಬಾಗಿಲಿಗೆ ಅಂಟಿಸಿದ ನೋಟೀಸು ಓದಿ, ಗಂಟೆ ಒತ್ತದೆ, ನನ್ನ ಕಿಟಕಿಗೆ ಬಂದಳು. ಜಾಕೀಟು ಇರಲಿಲ್ಲ. ಹೂವಿನ ಸೀರೆ ಉಟ್ಟಿದ್ದಳು, ಗುರುತೇ ಸಿಗಲಿಲ್ಲ.

"ಜಾಕೀಟು ವಾಪಸ್ ಇಸ್ಕೊಂಡ್ರು ತಾತ. ವಿಚಾರಣೆ ಮುಗಿಯೋ ತನಕ ಬರಬೇಡ ಅಂದ್ರು. ಈ ಏರಿಯಾದಿಂದ ದೂರು ಹೋದ್ರೆ ಮುಗೀತು, ಇನ್ನೆಲ್ಲೂ ತಗೊಳ್ಳಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, "ಮಗಳಿಗೆ ಜ್ವರ ಬಂದಿತ್ತು, ಅದಕ್ಕೆ ರಜೆ ಹಾಕಿದ್ದೆ. ನರ್ಸಮ್ಮಂಗೆ ಗುರುವಾರ ಎರಡು ಡ್ಯೂಟಿ ಅಂತ ನಂಗೇ ಗೊತ್ತಿರ್ಲಿಲ್ಲ. ಎರಡು ನಿಮಿಷದಲ್ಲಿ ಬಂದು ಹೋಗೋಳಿಗೆ ಯಾರ ಡ್ಯೂಟಿ ಯಾವಾಗ ಅಂತ ಹೇಗೆ ಗೊತ್ತಾಗ್ಬೇಕು? ಇಪ್ಪತ್ತೈದು ನಿಮಿಷ ಮೇಲಿದ್ರಂತಲ್ಲ, ಅಲ್ಲೇ ಗೊತ್ತಾಗಬೇಕಿತ್ತು ಅವರು ನಮ್ಮೋರಲ್ಲ ಅಂತ. ಬಾಗಿಲು ತೆಗೀದಿದ್ರೆ ನಾವು ಅದರ ಫೋಟೋ ತೆಗೆದು ಓಡ್ತೀವಿ," ಎಂದಳು.

ನಾನು ಸರಳು ಹಿಡಿದುಕೊಂಡೆ.

"ನೀವಾದ್ರೂ ನಂಬ್ತೀರಲ್ವಾ ತಾತ?"

"ನಂಬ್ತೀನಮ್ಮ," ಎಂದೆ.

"ಸಾಕು ಬಿಡಿ. ದಿನಕ್ಕೆ ನೂರು ಬಾಗಿಲಲ್ಲಿ, ಕೂತ್ಕೊಂಡು ಹೋಗು ಅಂದಿದ್ದು ನಿಮ್ಮ ಕಿಟಕಿ ಒಂದೇ. ಅದನ್ನ ಹೇಳಿ ಹೋಗೋಣ ಅಂತ ಬಂದೆ," ಎಂದು ಸರಳಿನ ಮೇಲಿದ್ದ ನನ್ನ ಕೈ ಮುಟ್ಟಿ ಹೋದಳು. ಓಡಲಿಲ್ಲ. ನಡೆದುಕೊಂಡು ಹೋದಳು.

ನನಗೆ ನಾಚಿಕೆಯಾಗಬೇಕು. ಆಗಿದೆ. ಮೂವತ್ನಾಲ್ಕು ವರ್ಷದಲ್ಲಿ ನನ್ನ ಚೀಲದ ಒಂದೇ ಒಂದು ಕಾಗದ ತಪ್ಪು ಕೈ ಸೇರಿಲ್ಲ ಎಂದು ನಿವೃತ್ತಿಯ ದಿನ ಎದೆಯುಬ್ಬಿಸಿ ಹೇಳಿದವನು ನಾನು. ಈಗ ಒಂದು ಇಡೀ ಬಿಲ್ಡಿಂಗನ್ನು ತಪ್ಪು ಕೈಗೆ ಕೊಟ್ಟಿದ್ದೇನೆ, ಸಹಿಯನ್ನೂ ಹಾಕಿಸಿಕೊಳ್ಳದೆ. ಹೇಳಿದರೆ ಅಳಿಯನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅವಳ ಅನ್ನ ಹೋಗುತ್ತದೆ. ಇದರಲ್ಲಿ ಯೋಚಿಸುವುದು ಏನಿದೆ ಎಂದು ನನಗೆ ನಾನೇ ಬಯ್ದುಕೊಂಡರೂ ಸಂಜೆಯವರೆಗೆ ಯೋಚಿಸುತ್ತಲೇ ಕೂತೆ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಅಳಿಯ ಕಾಫಿ ತಂದಾಗ, "ಕೂತ್ಕೊಳ್ಳಿ, ಒಂದು ಮಾತಿದೆ," ಎಂದೆ. ಮಂಗಳವಾರದ ಕಥೆ ಪೂರ್ತಿ ಹೇಳಿದೆ. ಯಾವ ಮಹಡಿಯವರ ಬಗ್ಗೆ ಏನು ಹೇಳಿದ್ದೆನೋ ಅದನ್ನೂ ಬಿಡಲಿಲ್ಲ. ಮೀಸೆಯವರು ಎದ್ದ ತಕ್ಷಣ ಕೂಗಾಡುತ್ತಾರೆ ಎಂದದ್ದನ್ನೂ.

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಮಾವ, ನನಗೆ ಹೇಳಿದ್ರಲ್ಲ, ಸಾಕು. ದೂರು ನಾನು ವಾಪಸ್ ತಗೊಳ್ತೀನಿ. ಎಲ್ಲರ ಮುಂದೆ ನೀವು ಹೇಳೋದು ಬೇಡ."

ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಬರೆಯಲಿ. ಆಮೇಲೆ, "ದೂರು ವಾಪಸ್ ಬರತ್ತೆ, ಅನುಮಾನ ವಾಪಸ್ ಬರಲ್ಲ. ಅವಳು ಈ ಬೀದೀಲಿ ಮತ್ತೆ ಹೇಗೆ ಓಡಾಡ್ತಾಳೆ?" ಎಂದೆ.

ಬಾಗಿಲಲ್ಲಿ ಮಗಳು ನಿಂತಿದ್ದಳು. "ಅಪ್ಪಾ, ನಾವು ಹೇಗೆ ಓಡಾಡೋದು? ಅದು ಯೋಚನೆ ಮಾಡಿದೀಯಾ? ಯಾಕಪ್ಪಾ ನಿನಗೆ ಊರ ಉಸಾಬರಿ!" ಎಂದು ಅತ್ತುಬಿಟ್ಟಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಾನು ತಲೆ ತಗ್ಗಿಸಿಕೊಂಡು ಕೂತೆ. ಕಾಫಿ ಆರಿಹೋಯಿತು. ಅಳಿಯ ಎದ್ದು, ಲೋಟ ಒಳಗೆ ಒಯ್ದು, ಬಿಸಿ ಮಾಡಿ ಮತ್ತೆ ತಂದುಕೊಟ್ಟರು.

"ನಾಳೆ ಸಂಜೆ ಎಲ್ಲರನ್ನೂ ಕರೀತೀನಿ," ಎಂದರು. "ನೀವು ನಿಂತು ಮಾತಾಡೋವಾಗ ಪಕ್ಕದಲ್ಲಿ ನಾನಿರ್ತೀನಿ. ಕಾಲು ನಡುಗಿದ್ರೆ ಹಿಡ್ಕೊಳ್ಳಿ."

ಎಂಟು ವಾರದಿಂದ ಈ ಮನುಷ್ಯನ ಮೇಜಿನ ಜಾಗದಲ್ಲಿ ಮಲಗಿದ್ದೇನೆ. ಇವತ್ತು ಮೊದಲ ಸಲ ಅವರ ಮುಖ ಸರಿಯಾಗಿ ನೋಡಿದೆ.

ಮಾರ್ಚ್ 19, ಬುಧವಾರ

ಹೇಳಿದೆ.

ನಿಂತೇ ಹೇಳಿದೆ. ಮೀಸೆಯವರು ಬಿಡಲಿಲ್ಲ: "ಏನ್ರೀ ಇದು, ಮನೆ ಕಾಯೋ ಹಿರಿಯರು ಅಂದ್ಕೊಂಡ್ರೆ ಕಳ್ಳರಿಗೆ ದಾರಿ ತೋರಿಸಿದೀರಲ್ರೀ!" "ತಪ್ಪು ನಂದು. ಆ ಹೆಣ್ಮಗಳದ್ದು ಏನೂ ಇಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನನಗೆ ಮುಖ ಇಲ್ಲ," ಎಂದೆ. ನರ್ಸಮ್ಮ ಎದ್ದು ಮೇಲೆ ಹೋದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅಳಿಯ ನನ್ನ ಮೊಣಕೈ ಬಿಟ್ಟಿರಲಿಲ್ಲ.

ಪೊಲೀಸರಿಗೂ ಹೇಳಿ ಬಂದೆವು. ಎಡಗೈ, ಕಿರುಬೆರಳ ಉಗುರು, ಬಾಚಿದ ತಲೆ, ಎಲ್ಲ. ಮುಖ ಮರೆಯದಿರುವುದು ಕಸುಬಿನ ಗುಣ. ಇನ್ನಾದರೂ ಸರಿಯಾದ ಕೆಲಸಕ್ಕೆ ಬರಲಿ.

ಮಗಳು ರಾತ್ರಿ ಊಟ ಬಡಿಸುವಾಗ ಮಾತಾಡಲಿಲ್ಲ. ಆದರೆ ಎರಡು ಸಲ ಬಡಿಸಿದಳು.

ಮಾರ್ಚ್ 22, ಶನಿವಾರ

ಕಿತ್ತಳೆ ಜಾಕೀಟು! ಬೆಳಿಗ್ಗೆ ಹತ್ತೂವರೆಗೆ!

ಅಳಿಯ ಅವಳ ಕಂಪನಿಗೆ ಕಾಗದ ಬರೆದದ್ದಷ್ಟೇ ಅಲ್ಲ, ತಾವೇ ರಜೆ ಹಾಕಿ ಅಲ್ಲಿಗೆ ಹೋಗಿ ಎರಡು ಗಂಟೆ ಕಾದು ಕೂತಿದ್ದರಂತೆ. ನನಗೆ ಹೇಳೇ ಇಲ್ಲ. ಅವಳಿಂದ ಗೊತ್ತಾಯಿತು.

ಅವಳು ಕಿಟಕಿಯ ಹತ್ತಿರ ಬಂದು ನಿಂತಳು. ಎರಡು ನಿಮಿಷದ ಹೆಂಗಸು ಒಂದು ನಿಮಿಷ ಮಾತಿಲ್ಲದೆ ಕಳೆದಳು.

"ನಂಬ್ತೀನಿ ಅಂದ್ರಲ್ಲ ತಾತ ಆವತ್ತು. ನಂಬೋದೇನು ಬಂತು, ನಿಮಗೆ ಗೊತ್ತೇ ಇತ್ತಲ್ಲ. ಆಗಲೇ ಹೇಳಬಹುದಿತ್ತು."

"ಹೌದಮ್ಮ. ಹೆದರಿದೆ."

"ಮಗಳಿಗೆ ಏನು ಹೇಳಲಿ ಅಂತ ಗೊತ್ತಾಗದೆ, ದಿನಾ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು, ಪಾರ್ಕಲ್ಲಿ ಕೂತು ಬರ್ತಿದ್ದೆ."

ನನಗೆ ಕಣ್ಣು ತುಂಬಿ ಬಂತು. "ಹೊಟ್ಟೆಗೆ ಹಾಕ್ಕೊಳ್ಳಮ್ಮ," ಎಂದೆ.

"ಹಾಕ್ಕೊಂಡೆ ಬಿಡಿ," ಎಂದಳು. "ಸ್ವಲ್ಪ ದಿನ ಅಜೀರ್ಣ ಇರತ್ತೆ, ಸಹಿಸ್ಕೊಳ್ಳಿ." ಸರಳಿನ ನಡುವಿಂದ ಪೊಟ್ಟಣ ನನ್ನ ಮಡಿಲಿಗೆ ಬಿತ್ತು. ಎರಡನೇ ಮಹಡಿಯದು. ಹೊರಗೆ ನೋಡಿದರೆ ಓಡುತ್ತಿದ್ದಾಳೆ.

ದೇವರೇ, ಅವಳು ಓಡುತ್ತಿದ್ದಾಳೆ.

ಮಾರ್ಚ್ 25, ಮಂಗಳವಾರ

ಸುಂಟರಗಾಳಿ ನನ್ನಿಂದ ಆ ಮನುಷ್ಯನ ಗುರುತು ಕೇಳಿ ತನ್ನ ಫೋನಿನಲ್ಲಿ ಪಾರ್ಸಲ್ ಕೆಲಸದವರಿಗೆಲ್ಲ ಕಳಿಸಿದ್ದಳು. ನೆನ್ನೆ ಎರಡು ಬೀದಿ ಆಚೆಯ ಬಿಲ್ಡಿಂಗಿಗೆ ಅದೇ ಇಬ್ಬರು ಪೆಟ್ಟಿಗೆ ಹೊತ್ತು ಬಂದರಂತೆ. ಅಲ್ಲಿದ್ದ ನಿಜವಾದ ಪಾರ್ಸಲ್‌ನವನು ಕಿರುಬೆರಳು ನೋಡಿ, "ನಿನ್ನ ಇವತ್ತಿನ ಲಿಸ್ಟ್ ತೋರ್ಸು," ಎಂದನಂತೆ. ಪೆಟ್ಟಿಗೆ ಬಿಸಾಕಿ ಓಡಿದರಂತೆ. ಒಳಗೆ ಹಳೇ ಪೇಪರು. ಕೈಗೆ ಸಿಕ್ಕಿಲ್ಲ. ಆದರೂ ಒಂದು ಮನೆ ಉಳಿಯಿತು. ಆ ಮನೆಯವರು ಯಾರೋ, ಚೆನ್ನಾಗಿರಲಿ.

ಇಲ್ಲಿ ಮಾತ್ರ ಎರಡನೇ ಮಹಡಿಯಾಕೆ ಬಿಟ್ಟರೆ ಯಾರೂ ನನ್ನ ಹತ್ತಿರ ಪೊಟ್ಟಣ ಇಡಲು ಒಪ್ಪುತ್ತಿಲ್ಲ. ಬಾಗಿಲ ಮುಂದೆಯೇ ಇಟ್ಟು ಹೋಗು ಎನ್ನುತ್ತಾರಂತೆ. ಅದು ನ್ಯಾಯವೇ. ಕೋಣೆ ಖಾಲಿ ಖಾಲಿ ಅನ್ನಿಸುತ್ತದೆ. ನರ್ಸಮ್ಮ ದಿನಾ ಮೂರೂವರೆಗೆ ಕಿಟಕಿಯ ಮುಂದೆಯೇ ಹಾದುಹೋಗುತ್ತಾರೆ. ಈ ಕಡೆ ನೋಡುವುದಿಲ್ಲ.

ಮಾರ್ಚ್ 28, ಶುಕ್ರವಾರ

ಮೂರೂವರೆಗೆ ನರ್ಸಮ್ಮ ಹಾದುಹೋಗಲಿಲ್ಲ. ನಮ್ಮ ಮನೆಯ ಗಂಟೆ ಒತ್ತಿದರು.

ಡ್ಯೂಟಿಯ ಬಟ್ಟೆಯಲ್ಲೇ ಒಳಗೆ ಬಂದು ನನ್ನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ಚೀಲದಿಂದ ಒಂದು ಕೀಲಿಕೈ ತೆಗೆದು ನೋಟ್‌ಬುಕ್ಕಿನ ಮೇಲೆ ಇಟ್ಟರು. ಇದೇ ನೋಟ್‌ಬುಕ್ಕಿನ ಮೇಲೆ.

"ಹೊಸ ಬೀಗ. ಎರಡು ಕೀ ಕೊಟ್ಟಿದಾರೆ. ಒಂದು ನನ್ನ ಹತ್ರ."

ನನಗೆ ತಿಳಿಯಲಿಲ್ಲ. ತಿಳಿದಾಗ ಕೀಲಿಕೈಯನ್ನು ಅವರ ಕಡೆಗೇ ಸರಿಸಿದೆ. "ನನ್ನ ಹತ್ರಾನಾ? ನಾನೇ ಅಲ್ವೇನಮ್ಮ ನಿಮ್ಮ ಮನೆ..."

"ನೀವೇ." ಸ್ವಲ್ಪ ಹೊತ್ತು ಕೈ ನೋಡಿಕೊಂಡರು. "ಕೋಪ ಬಂದಿತ್ತು. ಇನ್ನೂ ಪೂರ್ತಿ ಹೋಗಿಲ್ಲ. ಆದರೆ ನಮ್ಮ ವಾರ್ಡಲ್ಲಿ ಯಾರಾದ್ರೂ ತಪ್ಪು ಔಷಧಿ ಕೊಟ್ಟು, ಯಾರೂ ನೋಡದಿದ್ರೂ ತಾವೇ ಬಂದು ಹೇಳಿದ್ರೆ, ಆಮೇಲೆ ಔಷಧಿ ಕಪಾಟಿನ ಕೀ ಅವರ ಕೈಗೇ ಕೊಡ್ತೀನಿ. ಅವರು ಇನ್ನೆಂದೂ ಸೀಟಿ ಹೊಡ್ಕೊಂಡು ಔಷಧಿ ಎಣಿಸಲ್ಲ." ಎದ್ದು ನಿಂತು, "ಪಾರ್ಸಲ್ ಬಂದ್ರೆ ಮೇಜಿನ ಮೇಲೆ ಇಡಿ. ಗಿಡಕ್ಕೆ ನೀರು ಹಾಕೋ ಹಾಗಿಲ್ಲ, ಕೊಳೆತು ಹೋಗತ್ತೆ. ಮತ್ತೆ, ಯಾರಿಗೂ..."

"ಹೇಳಲ್ಲಮ್ಮ."

"ಗೊತ್ತು. ಈ ಬಿಲ್ಡಿಂಗಲ್ಲಿ ಇನ್ನು ಯಾರು ಬಾಯಿ ಬಿಟ್ರೂ ನೀವು ಬಿಡಲ್ಲ," ಎಂದರು. ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕರು.

ಅವರು ಹೋದ ಮೇಲೆ ಕೀಲಿಕೈ ಹಿಡಿದುಕೊಂಡು ಅತ್ತೆ. ಮಗಳು ಬಂದ ಸದ್ದಾಯಿತು. ಪಕ್ಕದಲ್ಲಿ ಕೂತಳು, ಒಲೆಯ ಮೇಲೆ ಏನೂ ಇಟ್ಟಿರಲಿಲ್ಲ. "ಅಪ್ಪಾ, ಆ ಕಿವಿ ಕೇಳದ ಅಜ್ಜಿ ಕಥೆ ಹೇಳು," ಎಂದಳು. ಪೂರ್ತಿ ಕೇಳಿದಳು.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಸುಂಟರಗಾಳಿ ನರ್ಸಮ್ಮನ ಪೊಟ್ಟಣ ಕೊಟ್ಟಳು. ಲಿಫ್ಟು ಕೆಟ್ಟಿತ್ತು. ಸಂಜೆ ಅವರೇ ಬಂದು ತೆಗೆದುಕೊಳ್ಳುತ್ತಾರೆ ಬಿಡಿ ತಾತ ಎಂದಳು. ಬಿಡಬಹುದಿತ್ತು. ಆದರೆ ವಿಳಾಸದಲ್ಲಿ ನಾಲ್ಕನೇ ಮಹಡಿ ಎಂದಿತ್ತು.

ಪೊಟ್ಟಣವನ್ನು ಬಟ್ಟೆಯ ಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡೆ. ಎಷ್ಟು ವರ್ಷವಾಯಿತು ಆ ಭಾರ ಅಲ್ಲಿ ಕೂತು. ಒಂದು ಕೈಗೆ ಕಂಬಿ, ಒಂದು ಕೈಗೆ ಊರುಗೋಲು. ಮೊದಲನೇ ಮಹಡಿಯವರು ಕುರ್ಚಿ ತಂದು ಹಾಕಿದರು, ಕೂತು ಎದ್ದೆ. ಮೂರನೆಯದರಲ್ಲಿ ಮೀಸೆಯವರು ಬಾಗಿಲು ತೆಗೆದರು. ಹನ್ನೊಂದು ಗಂಟೆ, ಆಗಷ್ಟೇ ಎದ್ದಿದ್ದರು. ಬಯ್ಯುತ್ತಾರೆಂದು ನಿಂತೆ. "ಏನ್ರೀ ಹೀಗೆ, ಈ ಕಾಲಲ್ಲಿ! ಸತ್ತುಗಿತ್ತು ಹೋದ್ರೆ ಯಾರ್ರೀ ಜವಾಬ್ದಾರಿ!" ಎಂದು ಕೂಗಾಡುತ್ತಲೇ ನನ್ನ ರಟ್ಟೆ ಹಿಡಿದು ಕೊನೆಯ ಮಹಡಿ ಹತ್ತಿಸಿದರು. ಬಾಗಿಲಲ್ಲಿ ನನ್ನನ್ನು ಬಿಟ್ಟು, ಒಳಗೆ ನೋಡದೆ, ಇಳಿದು ಹೋದರು. ದೊಡ್ಡ ಗಂಟಲಿನ ದೊಡ್ಡ ಮನುಷ್ಯ.

ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಗಿಡಕ್ಕೆ ನೀರು ಹಾಕಲಿಲ್ಲ. ಗೋಡೆಯ ಮೊಳೆ ಹಾಗೇ ಇತ್ತು. ಅದರ ಮುಂದೆ ನಿಂತು, ನಾನು ಎಂದೂ ನೋಡಿರದ ಆ ತಾಯಿಗೆ, "ತಪ್ಪಾಯ್ತಮ್ಮ," ಎಂದೆ. ಬೀಗ ಹಾಕಿ ಎರಡು ಸಲ ಎಳೆದು ನೋಡಿದೆ.

ಮಧ್ಯಾಹ್ನ ಹೊಸ ಮನುಷ್ಯನೊಬ್ಬ ಕಿಟಕಿಗೆ ಬಂದ. ಜಾಕೀಟು, ಹೆಗಲಲ್ಲಿ ಚೀಲ, ಕೈಯಲ್ಲಿ ಲಿಸ್ಟು, ಹಣೆಯಲ್ಲಿ ಬೆವರು. ಪಾಪ, ನಿಜವಾದವನೇ ಇರಬೇಕು.

"ಸರ್, ನಾಲ್ಕನೇ ಮಹಡಿಯವ್ರು ಎಷ್ಟೊತ್ತಿಗೆ ಸಿಗ್ತಾರೆ?"

"ಗೊತ್ತಿಲ್ಲಪ್ಪ," ಎಂದೆ. "ಪೊಟ್ಟಣ ಇಲ್ಲಿ ಕೊಡು. ನೀರು ಬೇಕಾ?"

ಸಂಜೆ ಕಾಲು ಮೇಷ್ಟ್ರು ಬಂದು ನೋಟ್‌ಬುಕ್ಕು ಕೇಳಿದರು. ಹಾಳೆ ತಿರುಗಿಸಿ ತಿರುಗಿಸಿ ಹುಬ್ಬು ಗಂಟಿಕ್ಕಿದರು. "ಎಷ್ಟೋ ದಿನದಿಂದ ಹೆಜ್ಜೆ ಬರೆದೇ ಇಲ್ವಲ್ಲ ಸರ್? ಇವತ್ತು ಎಷ್ಟು ನಡೆದ್ರಿ?"

ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ಹೋಗಲಿ, ಒಳ್ಳೇದಾದ್ರೂ ಒಂದು ಬರೀರಿ," ಎಂದರು.

ಒಂದು ಒಳ್ಳೆಯದು: ಕೀಲಿಕೈ ಜೇಬಿನಲ್ಲೇ ಇದೆ.